ಕಂಬಕ್ಕನ ಪಾಳಿ

ಕಂಬಕ್ಕನಿಗೆ ಎರಡು ಬಾಕಿ ಬರಬೇಕಿತ್ತು. ತಮ್ಮನಿಂದ ಒಂದು ಪಾಳಿ, ಕಾರ್ಖಾನೆಯಿಂದ ಒಂದು ಹೆಬ್ಬೆರಳು. ತಮ್ಮ ತಡವಾಗಿಯಾದರೂ ತನ್ನದನ್ನು ತೀರಿಸಿದ. ಅವನು ತೀರಿಸಿದ್ದನ್ನೇ ಹಿಡಿದುಕೊಂಡು ಕಾರ್ಖಾನೆ, ನಮ್ಮ ಕಡೆಯಿಂದ ಏನೂ ಬಾಕಿಯಿಲ್ಲ ಅಂದಿತು. ಇಷ್ಟೇ ಕತೆ. ಆದರೂ ಬುಡದಿಂದ ಹೇಳಬೇಕು. ಹೇಳದಿದ್ದರೆ ಕಾರ್ಖಾನೆ ಹೇಳಿದ್ದೇ ಕತೆಯಾಗಿ ಉಳಿದುಬಿಡುತ್ತದೆ.

ಹೆತ್ತವರು ಇಟ್ಟ ಹೆಸರು ಅವಳ ಸಂಬಳದ ಚೀಟಿಯಲ್ಲಿ ಮಾತ್ರ ಇದೆ. ಉಳಿದೆಲ್ಲ ಕಡೆ ಅವಳು ಕಂಬಕ್ಕ. ಆ ಹೆಸರು ಬಂದದ್ದು ಒಂದು ವಿಡಿಯೋ ಗೇಮಿನಿಂದ.

ಅವಳು ಎರಡು ಜಡೆ ಹಾಕಿಕೊಂಡು ಶಾಲೆಗೆ ಹೋಗುತ್ತಿದ್ದ ಕಾಲ. ಹಡಗಿನಲ್ಲಿ ಅಡುಗೆ ಮಾಡುತ್ತಿದ್ದ ಸೋದರಮಾವ ರಜೆಗೆ ಬಂದವನು ಒಂದು ಪೆಟ್ಟಿಗೆ ತಂದ. ಬೂದು ಬಣ್ಣದ್ದು, ಮೇಲೆ ಕ್ಯಾಸೆಟ್ ತುರುಕಲು ಒಂದು ಬಾಯಿ, ಬಾಲದ ಹಾಗೆ ವೈರು ಇಳಿಬಿಟ್ಟ ಎರಡು ರಿಮೋಟು. ಅದರಲ್ಲೊಂದು ಹುಟ್ಟುತ್ತಲೇ ಸತ್ತಿತ್ತು. ಕ್ಯಾಸೆಟ್ಟೂ ಒಂದೇ. ಅದರೊಳಗೊಬ್ಬ ಗಿಡ್ಡ ಇದ್ದ. ಓಡುತ್ತಿದ್ದ, ಹಾರುತ್ತಿದ್ದ, ಹಳ್ಳಕ್ಕೆ ಬಿದ್ದು ಸಾಯುತ್ತಿದ್ದ, ಮತ್ತೆ ಎದ್ದು ಓಡುತ್ತಿದ್ದ. ‘ಮಕ್ಕಳಿಗೆ’ ಎಂದು ಹೇಳಿ ಮಾವ ಕೊಟ್ಟುಹೋದ. ಮಕ್ಕಳಿಗೆ ಅಂದರೆ ಗಂಡುಮಗನಿಗೆ ಎಂದು ಆ ಮನೆಯಲ್ಲಿ ಯಾರೂ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ.

ಮನೆಯ ಟಿವಿಗೆ ಮುಪ್ಪು ಬಂದಿತ್ತು. ಹಿಂದೆ ವೈರು ಸಿಕ್ಕಿಸುವ ತೂತು ಸಡಿಲವಾಗಿ, ಯಾರಾದರೂ ವೈರನ್ನು ಓರೆಯಾಗಿ ಹಿಡಿದು ನಿಂತರೆ ಮಾತ್ರ ಚಿತ್ರ. ಬಿಟ್ಟರೆ ಪರದೆ ತುಂಬ ಮರಳು ಸುರಿದ ಹಾಗೆ ಜಿರಿಜಿರಿ. ಹಿಡಿದು ನಿಲ್ಲುವ ಕೆಲಸ ಅಕ್ಕನದು. ಗೋಡೆಗೂ ಟಿವಿಗೂ ನಡುವಿನ ಸಂದಿಯಲ್ಲಿ, ಉಸಿರು ಬಿಟ್ಟರೂ ಚಿತ್ರ ಅಲ್ಲಾಡೀತು ಎಂಬಂತೆ ಅವಳು ನಿಲ್ಲುತ್ತಿದ್ದಳು. ಆಟ ನೋಡಲು ಬಂದು ಕೂರುತ್ತಿದ್ದ ಬೀದಿಯ ಹುಡುಗರು ಕಂಬ ಅಂದರು. ಅವರಿಗಿಂತ ದೊಡ್ಡವಳು ಎಂಬ ಮರ್ಯಾದೆಗೆ ಒಂದು ಅಕ್ಕ ಸೇರಿಸಿದರು.

ಅಪ್ಪ ನೂಲಿನ ಗಿರಣಿಯಲ್ಲಿದ್ದ. ಹಾಗಾಗಿ ಬೇರೆ ಮಕ್ಕಳು ‘ಚಾನ್ಸು’ ಅನ್ನುವ ಕಡೆ ಈ ಮನೆಯಲ್ಲಿ ಪಾಳಿ. ನಲ್ಲಿಯ ಮುಂದೆ ಬಿಂದಿಗೆ ಇಡುವುದಕ್ಕೆ ಪಾಳಿ, ಬಚ್ಚಲಿಗೆ ಪಾಳಿ, ಅಮ್ಮನ ಕೈಲಿ ಬೈಸಿಕೊಳ್ಳುವುದಕ್ಕೂ ಪಾಳಿ. ಅಪ್ಪ ರಾತ್ರಿ ಪಾಳಿ ಮುಗಿಸಿ ಬಂದು ಹಗಲೆಲ್ಲ ಅದೇ ಕೋಣೆಯ ಮೂಲೆಯಲ್ಲಿ ಮಲಗುತ್ತಿದ್ದ. ಅವನ ನಿದ್ದೆ ಕೆಟ್ಟರೆ ಮನೆಯೇ ಕೆಟ್ಟಿತು ಎಂದು ಅಮ್ಮ ಟಿವಿಯ ಸದ್ದಿನ ತಿರುಪನ್ನೇ ಕಿತ್ತು ಸಕ್ಕರೆ ಡಬ್ಬಿಯಲ್ಲಿ ಅಡಗಿಸಿಟ್ಟಿದ್ದಳು. ಗಿಡ್ಡ ಓಡಿದ್ದು, ಹಾರಿದ್ದು, ಸತ್ತದ್ದು ಎಲ್ಲ ಮೂಕವಾಗಿ. ಬೀದಿಯ ಹುಡುಗರು ಸದ್ದಿಲ್ಲದೆ ಬಾಯಿ ತೆರೆದು ಕೂಗುವ ವಿದ್ಯೆಯನ್ನು ಅಲ್ಲೇ ಕಲಿತರು.

ಟಿವಿಯ ಬೆನ್ನಿಗೆ ನಿಂತವಳಿಗೆ ಚಿತ್ರ ಎಲ್ಲಿಂದ ಕಾಣಬೇಕು? ಅವಳು ನೋಡುತ್ತಿದ್ದದ್ದು ತಮ್ಮನ ಮುಖ. ನಾಲಿಗೆ ತುದಿ ಹೊರಗೆ ಬಂತೆಂದರೆ ಹಳ್ಳ. ಹುಬ್ಬು ಗಂಟಾದರೆ ತೂಗುಸೇತುವೆ. ಮೂಗು ಉಬ್ಬಿದರೆ ಗಿಡ್ಡ ಸತ್ತ. ಇಡೀ ಆಟವನ್ನು ಅವಳು ಆ ಮುಖದಲ್ಲೇ ಓದಿಕೊಂಡಳು. ಸತ್ತಾಗಲೆಲ್ಲ ನನ್ನ ಪಾಳಿ ಯಾವಾಗ ಎಂದು ಪಿಸುಗುಡುತ್ತಿದ್ದಳು. ಇದೊಂದು ಸಲ ಸಾಯ್ತೀನಿ, ಆಮೇಲೆ ನಿಂದೇ ಅನ್ನುತ್ತಿದ್ದ ತಮ್ಮ. ಹುಡುಗ ಕೆಟ್ಟವನಲ್ಲ. ಒಂದೆರಡು ಸಲ ನಿಜವಾಗಿಯೂ ರಿಮೋಟು ಅವಳ ಕೈಗಿಟ್ಟು ತಾನು ವೈರು ಹಿಡಿಯಲು ಹೋದ. ಆದರೆ ಅವನ ಕೈ ಒಂದು ಕಡೆ ನಿಲ್ಲುವ ಕೈಯಲ್ಲ. ಅವಳು ಎದುರಿಗೆ ಬಂದು ಕೂರುವ ಮೊದಲೇ ಪರದೆ ಕುಣಿಯಿತು, ಹುಡುಗರು ಸಿಡುಕಿದರು, ಅಕ್ಕನೇ ಹಿಡಿದರೆ ಸರಿ ಎಂದು ತೀರ್ಮಾನವಾಯಿತು. ಕೆಲಸ ಚೆನ್ನಾಗಿ ಮಾಡುವವರಿಗೆ ಈ ಲೋಕ ಕೊಡುವ ಬಹುಮಾನವೇ ಅದು: ಅದೇ ಕೆಲಸ, ಇನ್ನಷ್ಟು.

ಆಮೇಲೆ ಗಿರಣಿ ಮುಚ್ಚಿತು. ಟಿವಿಯೂ ಪೆಟ್ಟಿಗೆಯೂ ಕೊಂಡವರ ಪಾಲಾದವು. ಆಟದ ಪಾಳಿ ಬರುವ ಮೊದಲೇ ಅವಳಿಗೆ ಬೇರೆ ಪಾಳಿ ಬಂತು. ಜಡೆ ಎರಡು ಹೋಗಿ ಒಂದಾಗುವ ಹೊತ್ತಿಗೆ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಮೊದಲ ಪಾಳಿಗೆ ಹೆಸರು ಬರೆಸಿದ್ದಳು.

ಕೂಸುಗಳ ಬಟ್ಟೆಗೆ ಟಿಚ್ ಬಟನ್ ಹೊಡೆಯುವ ಯಂತ್ರ ಅವಳದು. ಕೆಳಗಿನ ಅಚ್ಚಿಗೆ ಬಟನ್ನಿನ ಒಂದು ಬಿಲ್ಲೆ ಇಡಬೇಕು, ಮೇಲಿನ ಅಚ್ಚಿಗೆ ಇನ್ನೊಂದನ್ನು ಹೆಬ್ಬೆರಳಿನಿಂದ ಒತ್ತಿ ಕೂರಿಸಬೇಕು, ನಡುವೆ ಬಟ್ಟೆ ಹಿಡಿದು ಕಾಲಿನಿಂದ ತುಳಿಯಬೇಕು. ಟಕ್. ಮತ್ತೆ ಹೆಬ್ಬೆರಳು, ಮತ್ತೆ ಟಕ್. ದಿನವಿಡೀ ಅದೇ. ಬಿಲ್ಲೆ ಸರಿಯಾಗಿ ಕೂತಿತೋ ಇಲ್ಲವೋ ಎಂದು ಹೇಳಬೇಕಾದದ್ದು ಬೆರಳ ತುದಿ. ಕೂರದ ಬಿಲ್ಲೆ ಬಟ್ಟೆ ಹರಿಯುತ್ತದೆ, ಹರಿದ ಬಟ್ಟೆಗೆ ಮೇಲಿನವರು ಮರ್ಯಾದೆ ಹರಿಯುತ್ತಾರೆ. ಇದೇ ಯಂತ್ರದ ಮುಂದೆ ಅವಳು ಮದುವೆಯಾದಳು, ಹೆತ್ತಳು, ಗಂಡನನ್ನು ಕಳೆದುಕೊಂಡಳು. ಮದುವೆಗೂ ಹೆರಿಗೆಗೂ ಸಾವಿಗೂ ರಜೆ ಹಾಕಿ ಮರಳಿ ಬಂದು ಕೂತದ್ದು ಅದೇ ಸ್ಟೂಲಿನ ಮೇಲೆ ಎಂಬ ಅರ್ಥದಲ್ಲಿ. ಈಗ ಮಗಳು ಹಾಸ್ಟೆಲಿನಲ್ಲಿದ್ದು ನರ್ಸಿಂಗ್ ಓದುತ್ತಿದ್ದಾಳೆ. ಆ ಓದು ನಿಂತಿರುವುದು ಈ ಟಕ್ ಟಕ್ ಮೇಲೆ.

ಮೊದಲು ಜೋಮು ಹಿಡಿದದ್ದು ಮನೆಯಲ್ಲಿ, ಪಾತ್ರೆ ತೊಳೆಯುವಾಗ. ಕೊಡವಿದರೆ ಹೋಗುತ್ತಿತ್ತು. ಬರಬರುತ್ತಾ ಕೊಡವಿದರೂ ಹೋಗದೆ ಬಿಡಾರ ಹೂಡಿತು. ಕೊನೆಗೆ ಬಿಸಿ ಪಾತ್ರೆ ಹಿಡಿದರೂ ಹೆಬ್ಬೆರಳಿಗೆ ಗೊತ್ತಾಗದೆ, ಮಗ್ಗುಲ ಬೆರಳು ಹೇಳಿದ ಮೇಲೆ ಕೈ ಹಿಂತೆಗೆಯುವಂತಾಯಿತು. ಕಂಬಕ್ಕ ಯಾರಿಗೂ ಹೇಳಲಿಲ್ಲ. ಕೈ ಸೋತವರನ್ನು ಯಂತ್ರದಿಂದ ಎಬ್ಬಿಸಿ ನೂಲು ಕತ್ತರಿಸುವ ಕಡೆ ಕೂರಿಸುತ್ತಾರೆ, ಅಲ್ಲಿಂದ ಗೇಟಿನ ಹೊರಗೆ ಒಂದೇ ಹೆಜ್ಜೆ ಎಂದು ಅವಳು ಬೇರೆಯವರ ವಿಷಯದಲ್ಲಿ ನೋಡಿದ್ದಳು. ಬೆರಳು ಮಾಡದ ಕೆಲಸವನ್ನು ಕಣ್ಣಿಗೆ ವಹಿಸಿದಳು. ಬಿಲ್ಲೆಯ ಮೇಲಿಂದ ನೋಟ ಕೀಳದೆ, ಹೆಬ್ಬೆರಳನ್ನು ಕುರುಡನ ಕೈ ಹಿಡಿದು ನಡೆಸಿದ ಹಾಗೆ ನಡೆಸಿದಳು. ಲೆಕ್ಕ ತಪ್ಪಲಿಲ್ಲ. ಮೇಲಿನವರಿಗೆ ತಿಳಿಯಲಿಲ್ಲ.

ತಮ್ಮ ಲಿಫ್ಟ್ ರಿಪೇರಿಯವನಾಗಿದ್ದ. ಒಮ್ಮೆ ಯಾವುದೋ ದೊಡ್ಡ ಆಫೀಸಿನಲ್ಲಿ ಕೆಲಸ ಮುಗಿಸಿ ಮೇಲಿನ ಅಂತಸ್ತಿನಲ್ಲಿ ಹೊರಬಂದರೆ, ಗಾಜಿನ ಕೋಣೆಯೊಳಗೆ ನಡುವಯಸ್ಸಿನ ಗಂಡಸರು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತು ವಿಡಿಯೋ ಗೇಮ್ ಆಡುತ್ತಿದ್ದರು. ಹೊಸ ಆಟವಲ್ಲ, ಚೌಕ ಚೌಕ ಮೋರೆಯ ಹಳೆಯ ಆಟ. ಸ್ಪ್ಯಾನರ್ ಹಿಡಿದು ಗಾಜಿಗೆ ಮೂಗು ಒತ್ತಿ ನಿಂತವನನ್ನು ಒಳಗಿದ್ದವನೊಬ್ಬ, ಲಿಫ್ಟ್ ಸರಿಹೋಯಿತಾ ಎಂದು ಸನ್ನೆಯಲ್ಲೇ ಕೇಳಿದ. ಇವನು ತಲೆಯಾಡಿಸಿ ಬಂದ. ಅದಾದ ಮೇಲೆ ಅವನಿಗೆ ಬೇರೆ ಧ್ಯಾನವಿಲ್ಲ. ಹಳೆಯದರ ಪಡಿಯಚ್ಚಿನಂಥ ಪೆಟ್ಟಿಗೆಗಳನ್ನು ಈಗ ಹೊಸದಾಗಿ ಮಾಡಿ ಮಾರುತ್ತಾರೆ ಎಂದು ತಿಳಿದು, ಹೆಂಡತಿಯ ಹತ್ತಿರ ಬೈಸಿಕೊಂಡು, ಒಂದನ್ನು ತಂದೇಬಿಟ್ಟ. ರಜೆಯ ದಿನ ಅಕ್ಕನನ್ನು ಕರೆದ. ಊಟಕ್ಕೆ ಅಂದ. ಸುಳ್ಳು.

ಪೆಟ್ಟಿಗೆ ಹಚ್ಚಿದೊಡನೆ ಗೋಡೆಯಗಲದ ಟಿವಿಯಿಂದ ಪೀಪೀ ಡುಂಡುಂ ಎಂದು ಸದ್ದು ಹೊರಟಿತು. ಗಿಡ್ಡ ಓಡಿದರೆ ಒಂದು ಪೀಪಿ, ಹಾರಿದರೆ ಇನ್ನೊಂದು. ಇಬ್ಬರೂ ಮುಖ ಮುಖ ನೋಡಿಕೊಂಡರು.

“ಏನೋ ಇದು, ಮದುವೆ ಬ್ಯಾಂಡ್ ಬಂದ ಹಾಗೆ?” ಅಂದಳು ಕಂಬಕ್ಕ.

“ಡೂಪ್ಲಿಕೇಟ್ ಕಣಕ್ಕ. ಮೋಸ ಮಾಡ್ಬಿಟ್ಟ ನನ್ ಮಗ.”

ತಮ್ಮ ಪೆಟ್ಟಿಗೆ ಕಿತ್ತುಕೊಂಡು ಸೀದಾ ಅಂಗಡಿಗೆ ಹೋಗಿ ಜಗಳ ತೆಗೆದ. ನಮ್ಮ ಆಟದಲ್ಲಿ ಈ ಗಲಾಟೆ ಇರಲಿಲ್ಲ, ನಿಜವಾದದ್ದು ಕೊಡು ಅಂದ. ಅಂಗಡಿಯವನು ಮೊದಲು ನಕ್ಕ, ಆಮೇಲೆ ಕನಿಕರದಿಂದ ನೋಡಿದ. ಈ ಸಂಗೀತ ಕೇಳಿ ಇಲ್ಲೇ ನಿಂತು ಕಣ್ಣೊರೆಸಿಕೊಂಡವರಿದ್ದಾರೆ ಸಾರ್, ಬೈದವರು ನೀವೊಬ್ಬರೇ ಅಂದನಂತೆ. ಕೋಣನ ಮುಂದೆ ಕಿನ್ನರಿ ಬಾರಿಸಿದವನ ಮುಖ ಅವನದು. ಸಕ್ಕರೆ ಡಬ್ಬಿಯಲ್ಲಿ ಅಡಗಿದ್ದ ತಿರುಪಿನ ಸಂಗತಿ ಅವನಿಗೇನು ಗೊತ್ತು? ಮಿಕ್ಕವರ ಬಾಲ್ಯಕ್ಕೆ ಹಾಡಿತ್ತು. ಇವರ ಬಾಲ್ಯಕ್ಕೆ ಅಪ್ಪನ ಗೊರಕೆ ಇತ್ತು.

ಮರಳಿ ಬಂದು ಸದ್ದು ಪೂರ್ತಿ ಅಡಗಿಸಿದ ಮೇಲೆ ಆಟ ಆಟದಂತಾಯಿತು. ತಮ್ಮನ ಬೆರಳಿಗೆ ಹಳ್ಳ, ಸೇತುವೆ ಎಲ್ಲ ಒಂದೊಂದಾಗಿ ನೆನಪಾದವು. ಹೊಟ್ಟೆ ಬಂದಿದೆ, ತಲೆ ಬೋಳಾಗಿದೆ, ನಾಲಿಗೆ ಮಾತ್ರ ಅದೇ ಜಾಗದಲ್ಲಿ ಹೊರಗೆ ಬಂತು. ಕಂಬಕ್ಕ ಮೊದಲ ಬಾರಿಗೆ ಎದುರಿನಿಂದ ಪರದೆ ನೋಡುತ್ತಾ ಕೂತಳು. ಇಷ್ಟು ಚಿಕ್ಕ ಹಳ್ಳಕ್ಕಾ ಅಷ್ಟು ಹೆದರ್ತಿದ್ದೆ ಎಂದು ತಮ್ಮನನ್ನು ರೇಗಿಸಿದಳು. ಅವನು ಬೇಕೆಂದೇ ಗಿಡ್ಡನನ್ನು ಹಳ್ಳಕ್ಕೆ ಕೆಡವಿ ರಿಮೋಟು ಅವಳ ತೊಡೆಯ ಮೇಲಿಟ್ಟ.

“ತಗೋ ಅಕ್ಕ. ನಿನ್ ಪಾಳಿ.”

ನಲವತ್ತು ದಾಟಿದ ಹೆಂಗಸಿನ ಮುಖ ಹೇಗೆ ಅರಳಿತೆಂದರೆ, ತಮ್ಮನ ಹೆಂಡತಿ ತಡೆಯಲಾರದೆ ಫೋನ್ ಎತ್ತಿ ವಿಡಿಯೋ ಹಿಡಿದಳು. ಕಂಬಕ್ಕ ರಿಮೋಟನ್ನು ಎರಡು ಕೈಲೂ ಅವುಚಿ ಹಿಡಿದು, ಗಿಡ್ಡನ ಜೊತೆ ತಾನೂ ಬಲಕ್ಕೆ ವಾಲುವುದು ಅದರಲ್ಲಿ ಚೆನ್ನಾಗಿ ಬಂದಿತ್ತು. ‘ನಮ್ಮ ಅತ್ತಿಗೆಗೆ ಗೇಮ್ ಹುಚ್ಚು, ಬೆಳಗ್ಗಿಂದ ರಿಮೋಟ್ ಬಿಟ್ಟಿಲ್ಲ’ ಎಂದು ಬರೆದು ಸ್ಟೇಟಸ್ಸಿಗೆ ಹಾಕಿ ನಗುತ್ತಾ ಒಳಗೆ ಹೋದಳು. ಪ್ರೀತಿಯ ತಮಾಷೆ. ಅವಳಾದರೂ ಏನು ಕನಸು ಕಂಡಿದ್ದಳೇ?

ಗಿಡ್ಡ ಮೊದಲ ಹಳ್ಳಕ್ಕೆ ಬಿದ್ದ. ಎದ್ದ, ಓಡಿದ, ಅದೇ ಹಳ್ಳಕ್ಕೆ ಬಿದ್ದ. ಮತ್ತೂ ಬಿದ್ದ. ಒತ್ತು ಅಕ್ಕ ಅನ್ನುತ್ತಿದ್ದ ತಮ್ಮ. ಒತ್ತಿದೆನಲ್ಲೋ ಅನ್ನುತ್ತಿದ್ದಳು ಅವಳು. ಹೊಸಬರಿಗೆ ಹಾಗೇ ಎಂದು ಅವನು ಸಮಾಧಾನ ಹೇಳಿದ; ಸ್ವಲ್ಪ ಮೊದಲೇ ಒತ್ತು ಅಂದ; ಜೋರಾಗಿ ಒತ್ತು ಅಂದ. ಅವಳು ಉಗುರು ಬಿಳಿಚುವಷ್ಟು ಒತ್ತಿದಳು. ಆಗ ಅವನು ಪರದೆ ಬಿಟ್ಟು ಅವಳ ಕೈ ನೋಡಿದ. ಹೆಬ್ಬೆರಳು ಗುಂಡಿಯ ಪಕ್ಕದ ಬರೀ ಪ್ಲಾಸ್ಟಿಕ್ಕನ್ನು ಒತ್ತುತ್ತಿತ್ತು.

“ಅಕ್ಕ, ಗುಂಡಿ ಅಲ್ಲಿಲ್ಲ.”

“ಹೌದಾ?” ಅಂದಳು.

ಯಂತ್ರದ ಮುಂದೆ ಬೆರಳಿಗೆ ಕಣ್ಣು ಕಾವಲಿರುತ್ತಿತ್ತು. ಇಲ್ಲಿ ಕಣ್ಣು ಗಿಡ್ಡನ ಹಿಂದೆ ಹೋಗಿತ್ತು. ಬೆರಳು ಒಂಟಿಯಾಗಿ ದಾರಿ ತಪ್ಪಿತ್ತು. ತಮ್ಮ ಅವಳ ಹೆಬ್ಬೆರಳನ್ನು ಹಿಸುಕಿದ, ಉಗುರಿನಿಂದ ಚುಚ್ಚಿದ. ಅವಳು ಇನ್ನೂ ಪರದೆಯನ್ನೇ ನೋಡುತ್ತಿದ್ದಳು. ಯಾರಿಗೂ ಹೇಳಬೇಡ ಅಂದಳು ಅವಳು. ಅಷ್ಟು ಹೊತ್ತಿಗೆ ಹೇಳಬಾರದ್ದು ಸ್ಟೇಟಸ್ಸಿನಲ್ಲಿ ಊರಿಗೆಲ್ಲ ಹೋಗಿಯಾಗಿತ್ತು, ಅದೂ ತಪ್ಪು ತಪ್ಪಾಗಿ.

ತಮ್ಮ ಅವಳನ್ನು ದೊಡ್ಡಾಸ್ಪತ್ರೆಗೆ ಎಳೆದುಕೊಂಡು ಹೋದ. ಅಲ್ಲಿನ ಡಾಕ್ಟರು ಸೂಜಿ ಚುಚ್ಚಿ, ತಂತಿ ಅಂಟಿಸಿ ನೋಡಿ, ಒಂದೇ ಕಡೆ ಒತ್ತಿ ಒತ್ತಿ ನರ ಜಜ್ಜಿಹೋಗಿದೆ ಅಂದರು. ಆಪರೇಷನ್ ಮಾಡಬಹುದು, ಪೂರ್ತಿ ಸರಿಹೋಗುತ್ತದೆ ಎಂದು ಮಾತು ಕೊಡಲಾರೆ, ಅಲ್ಲಿಯವರೆಗೆ ಆ ಕೆಲಸ ಮುಟ್ಟಬೇಡಿ ಅಂದರು. ಆ ಕೆಲಸ ಮುಟ್ಟದಿದ್ದರೆ ಅನ್ನ ಮುಟ್ಟುವುದು ಹೇಗೆ ಎಂದು ಡಾಕ್ಟರನ್ನು ಕೇಳಿ ಏನು ಫಲ? ಕಾರ್ಖಾನೆಯವರನ್ನೇ ಕೇಳೋಣ, ಚಿಕಿತ್ಸೆ ಕೊಡಿಸಲಿ, ಗುಣವಾಗುವವರೆಗೆ ಅದೇ ಸಂಬಳಕ್ಕೆ ಬೇರೆ ಕೆಲಸ ಕೊಡಲಿ, ಅದು ನಿನ್ನ ಹಕ್ಕು ಎಂದು ತಮ್ಮ ಹಟ ಹಿಡಿದ. ಅವಳಿಗೆ ಧೈರ್ಯವಿರಲಿಲ್ಲ. ಆದರೂ ಹೋದಳು.

ಕಲ್ಯಾಣಾಧಿಕಾರಿ ಎಂಬ ಹುದ್ದೆ ಆ ಕಾರ್ಖಾನೆಯಲ್ಲಿದೆ. ಹೆಸರು ಇಟ್ಟವನಿಗೆ ಹಾಸ್ಯಪ್ರಜ್ಞೆ ಇದ್ದಿರಬೇಕು. ಅಧಿಕಾರಿ ಎಳೆಯ ಪ್ರಾಯದವನು, ಒಳ್ಳೆಯ ಮಾತಿನವನು. ಕಂಬಕ್ಕನನ್ನು ಕುರ್ಚಿಯಲ್ಲಿ ಕೂರಿಸಿದ, ನೀರು ತರಿಸಿದ. ಅವಳು ಹೇಳಿದ್ದನ್ನೆಲ್ಲ ನಡುವೆ ಬಾಯಿ ಹಾಕದೆ ಕೇಳಿದ. ಕೇಳಿ ಮುಗಿಸಿ, ತನ್ನ ಫೋನನ್ನು ಅವಳ ಕಡೆ ತಿರುಗಿಸಿ ಹಿಡಿದ. ಗಿಡ್ಡನ ಜೊತೆ ಬಲಕ್ಕೆ ವಾಲುತ್ತಿರುವ ಕಂಬಕ್ಕ. ಕೆಳಗೆ, ಬೆಳಗ್ಗಿಂದ ರಿಮೋಟ್ ಬಿಟ್ಟಿಲ್ಲ. ತಮ್ಮನ ಹೆಂಡತಿಯ ಗೆಳತಿಯೊಬ್ಬಳು ಇದೇ ಕಾರ್ಖಾನೆಯ ಬಟ್ಟೆ ಕತ್ತರಿಸುವ ವಿಭಾಗದಲ್ಲಿದ್ದಳು. ನಮ್ಮ ಕಂಬಕ್ಕ ನೋಡ್ರೇ ಎಂದು ನಾಲ್ಕು ಜನಕ್ಕೆ ತೋರಿಸಿ ನಕ್ಕಿದ್ದಳು. ನಗು ಕೈಯಿಂದ ಕೈಗೆ ಮೇಲೆ ಹತ್ತಿ ಆಫೀಸಿಗೆ ತಲುಪಿತ್ತು.

“ನಾನೂ ಆಡ್ತೀನಿ ಅಮ್ಮ, ನಮ್ಮನೇಲೂ ಹಳೇದಿದೆ,” ಅಂದ ಅಧಿಕಾರಿ. “ಜಾಸ್ತಿ ಆಡಿದ್ರೆ ನಂಗೂ ಹೆಬ್ಬೆಟ್ಟು ನೋಯುತ್ತೆ. ಇದು ಅದೇ. ಮನೇಲಿ ಆಡಿ ಕೈ ಕೆಡಿಸ್ಕೊಂಡ್ರೆ ಕಂಪನಿ ಏನು ಮಾಡೋಕಾಗುತ್ತೆ ಹೇಳಿ.”

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದ ಹಾಗಿತ್ತು. ಜನ್ಮದಲ್ಲಿ ಒಂದೇ ಸಲ ಆಡಿದ್ದು ಎಂದು ಹೇಳಬೇಕಿತ್ತು. ಹೇಳಲು ಹೋದ ಕಂಬಕ್ಕನ ಬಾಯಿಗೆ ಬಂದದ್ದು ಮನೆಯ ಮಾತು.

“ಅದು ನಂದು ಮೊದಲನೇ ಪಾಳಿ ಸಾರ್.”

ಅಧಿಕಾರಿ ಪೆನ್ನು ಎತ್ತಿಕೊಂಡ. “ಮೊದಲನೇ ಪಾಳೀಲಾ?”

“ಹೂಂ ಸಾರ್. ಮೊದಲನೇ ಪಾಳೀಲೇ. ದೇವರಾಣೆ.”

ಕಾರ್ಖಾನೆಯಲ್ಲಿ ಮೊದಲನೇ ಪಾಳಿ ಅಂದರೆ ಬೆಳಗಿನ ಸೈರನ್ನಿನಿಂದ ಮಧ್ಯಾಹ್ನದ ಸೈರನ್ನಿನವರೆಗೆ. ಅಧಿಕಾರಿ ಬರೆದುಕೊಂಡದ್ದು ಅದನ್ನೇ: ಮೊದಲನೇ ಪಾಳಿಯ ಕೆಲಸದ ವೇಳೆಯಲ್ಲಿ ಆಟವಾಡುತ್ತಿದ್ದುದಾಗಿ ಕಾರ್ಮಿಕಳು ತಾನೇ ಒಪ್ಪಿಕೊಂಡಿದ್ದಾಳೆ. ಅವನು ಬೇಕೆಂದೇ ತಿರುಚಿದನೆಂದು ಹೇಳಲಾಗದು. ಅವನ ಮನೆಯಲ್ಲಿ ಆ ಮಾತಿಗೆ ಬೇರೆ ಅರ್ಥ ಇರಲಿಲ್ಲ, ಅಷ್ಟೆ. ಅದು ರಜೆಯ ದಿನವೋ ಅಲ್ಲವೋ ಎಂದು ನೋಡುವ ತಾಳ್ಮೆಯೂ ಇರಲಿಲ್ಲ. ಅವಳಿಗೆ ತಪ್ಪು ಗೊತ್ತಾದದ್ದು ಮನೆಗೆ ಬಂದು ತಮ್ಮನಿಗೆ ನಡೆದದ್ದನ್ನು ಹೇಳಿದಾಗ. ತಮ್ಮ ತಲೆ ಹಿಡಿದುಕೊಂಡು ಕೂತ. ಮರುದಿನ ಇಬ್ಬರೂ ಓಡಿದರು. ಪಾಳಿ ಅಂದರೆ ನಮ್ಮಲ್ಲಿ ಹೀಗೆ ಎಂದು ವಿವರಿಸಿದರು. ಗೇಟಿನವನು ಒಳಗೆ ಕೇಳಿಕೊಂಡು ಬಂದು, ಬರೆದದ್ದು ಬರೆದಾಯಿತಂತೆ ಅಂದ. ಗುಣವಾದ ಮೇಲೆ ಬಂದು ನೋಡಬೇಕಂತೆ, ಅಲ್ಲಿಯವರೆಗೆ ಸಂಬಳವಿಲ್ಲವಂತೆ ಎಂಬುದನ್ನೂ ಅವನೇ ಹೇಳಿದ. ಹೇಳುವಾಗ ಅವಳ ಮುಖ ನೋಡಲಿಲ್ಲ.

ತಮ್ಮನ ಹೆಂಡತಿ ವಿಡಿಯೋ ಅಳಿಸಿದಳು. ಊರು ಕೊಳ್ಳೆ ಹೊಡೆದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗೆ. ಅತ್ತಿಗೆಯ ಕೈ ಹಿಡಿದು ಅತ್ತಳು; ಯಾವ ಕೈ ಹಿಡಿದೆ ಎಂದು ನೋಡಿಕೊಂಡು ಇನ್ನಷ್ಟು ಅತ್ತಳು. ನಗ್ತಾ ಹಾಕಿದ್ದು ತಾನೇ ಬಿಡು ಎಂದು ಕಂಬಕ್ಕನೇ ಅವಳನ್ನು ಸಂತೈಸಬೇಕಾಯಿತು. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಬೇಕು ಎಂದು ಕಂಬಕ್ಕನಿಗೆ ತೋಚಲಿಲ್ಲ. ತಮ್ಮ ಪೆಟ್ಟಿಗೆಯನ್ನು ಅಟ್ಟಕ್ಕೆ ಎಸೆದ. ಮಗಳು ಹಾಸ್ಟೆಲಿನಿಂದ ಫೋನ್ ಮಾಡಿ, ಓದು ಬಿಟ್ಟು ಕೆಲಸಕ್ಕೆ ಸೇರುತ್ತೇನೆ ಅಂದಳು. ಕಂಬಕ್ಕ ಬೇಡ ಅಂದಳು.

ಕಾರ್ಮಿಕರ ಸಂಘದವರು ಸರ್ಕಾರದ ಕಾರ್ಮಿಕ ಕಚೇರಿಗೆ ದೂರು ಕೊಡಿಸಿದರು. ವಿಚಾರಣೆ ನಡೆಯುತ್ತಿದೆ. ಡಾಕ್ಟರ ಚೀಟಿ ಕೊಟ್ಟರೆ, ನರ ಜಜ್ಜಿದೆ ಎಂದಿದೆಯೇ ಹೊರತು ನಮ್ಮ ಯಂತ್ರ ಜಜ್ಜಿತು ಎಂದಿಲ್ಲ ಎಂದು ಕಾರ್ಖಾನೆಯ ವಕೀಲ ಹೇಳುತ್ತಾನೆ. ವಿಡಿಯೋ ಗೇಮ್ ಆಡಿದರೆ ಹೆಬ್ಬೆರಳು ಕೆಡುತ್ತದೆಂದು ಎಲ್ಲಿಂದಲೋ ಹಾಳೆಗಟ್ಟಲೆ ಅಚ್ಚು ಹಾಕಿಸಿ ತಂದಿದ್ದಾನೆ. ಅದೇ ಯಂತ್ರದಲ್ಲಿ ಕೂತ ಹೆಂಗಸರಿಗೂ ಜೋಮು ಇದೆ. ಅವರ ತುಟಿಗೂ ಜೋಮು ಹಿಡಿದಿದೆ. ಅವರನ್ನು ಬೈಯಲು ಬಾಯಿ ಬರುವುದಿಲ್ಲ, ಒಬ್ಬೊಬ್ಬಳ ಹಿಂದೆಯೂ ಒಂದೊಂದು ಮನೆ ಇದೆ. ಕಾರ್ಮಿಕ ಅಧಿಕಾರಿ ಕಳೆದ ಸಲ ಕನ್ನಡಕ ತೆಗೆದು, ಆಟದಿಂದ ಹೀಗಾಗುವುದಿಲ್ಲ ಎಂದು ಹೇಳುವವರು ನಿಮ್ಮ ಕಡೆ ಯಾರಾದರೂ ಇದ್ದಾರಾ ಎಂದು ಕೇಳಿದರು. ಕಂಬಕ್ಕ ಹಿಂದೆ ತಿರುಗಿ ನೋಡಿದಳು. ಬೆಂಚಿನ ಮೇಲೆ ತಮ್ಮನೊಬ್ಬನೇ ಇದ್ದ. ಅವನು ಸಾಕ್ಷಿಯಾಗುವುದಿಲ್ಲ, ಒಡಹುಟ್ಟಿದವನು ಎಂದು ವಕೀಲ ಆಗಲೇ ತಳ್ಳಿಹಾಕಿದ್ದ. ವಿಚಾರಣೆ ಮುಂದಕ್ಕೆ ಹೋಯಿತು.

ಓದುತ್ತಿರುವವರೇ, ನೀವು ಆಡಿದ್ದೀರಿ. ರಜೆ ರಜೆಯಿಡೀ ಆಡಿದ್ದೀರಿ, ಅಮ್ಮನ ಕೈಲಿ ಹೊಡೆಸಿಕೊಂಡು ಆಡಿದ್ದೀರಿ. ಈಗ ಆ ಪೆಟ್ಟಿಗೆಗಳನ್ನೇ ಹುಡುಕಿ ಕೊಂಡು, ಆ ಕಾಲವೇ ಚೆನ್ನಾಗಿತ್ತು ಎಂದು ನಿಟ್ಟುಸಿರು ಬಿಡುತ್ತಾ ಮತ್ತೆ ಆಡುತ್ತಿದ್ದೀರಿ. ನಿಮ್ಮ ಹೆಬ್ಬೆರಳನ್ನು ಒಮ್ಮೆ ಚಿವುಟಿ ನೋಡಿಕೊಳ್ಳಿ. ನೋಯಿತಲ್ಲ? ಹಾಗಾದರೆ ಮುಂದಿನ ವಿಚಾರಣೆಗೆ ಬನ್ನಿ. ಕಾರ್ಮಿಕ ಕಚೇರಿಯ ಆ ಬೆಂಚಿನ ಮೇಲೆ ತಮ್ಮನ ಪಕ್ಕ ಕೂತು, ವಕೀಲನ ಎದುರು ಕೈ ಎತ್ತಿ, ಇಷ್ಟು ವರ್ಷ ಆಡಿದ್ದೇನೆ, ನನ್ನ ಬೆರಳು ನೆಟ್ಟಗಿದೆ, ಈ ಹೆಂಗಸಿನ ಬೆರಳನ್ನು ತಿಂದದ್ದು ನಿಮ್ಮ ಯಂತ್ರ ಎಂದು ಹೇಳಿ. ಬರುತ್ತೀರೋ ಇಲ್ಲವೋ, ಅಷ್ಟು ಹೇಳಿಬಿಡಿ.